ಪೆಟ್ಟಿಗೆಯಲ್ಲಿ ಆಟ ಬರುತ್ತಂತೆ

ಆ ವರ್ಷ ಯಾರ ಬಾಯಲ್ಲಿ ನೋಡಿದರೂ ಅದೇ ಮಾತು: ಪೆಟ್ಟಿಗೆಯಲ್ಲಿ ಆಟ ಬರುತ್ತಂತೆ. ಪೆಟ್ಟಿಗೆ ಅಂದರೆ ಟಿವಿಯ ಕೆಳಗೆ ಇಡುತ್ತಾರಲ್ಲ, ಆ ಕರಿಯ ಡಬ್ಬಿ. ಅಂಗೈಯಷ್ಟು ಅಗಲ, ಸಾಬೂನಿನಷ್ಟು ದಪ್ಪ. ಇಂಟರ್ನೆಟ್ಟಿನಿಂದ ಸಿನಿಮಾ, ಧಾರಾವಾಹಿ ಎಳೆದು ತಂದು ಪರದೆಯ ಮೇಲೆ ಸುರಿಯುವುದಷ್ಟೇ ಅದರ ಕೆಲಸ. ಇನ್ನು ಮುಂದೆ ಅದರಲ್ಲಿ ವಿಡಿಯೋ ಗೇಮ್ ಕೂಡ ಆಡಬಹುದು ಎಂದು ಯಾರೋ ಹೇಳಿದರು, ಇನ್ಯಾರೋ ಹೌದೌದು ಎಂದರು. ಯಾಕೆ, ಹೇಗೆ ಎಂದು ಕೇಳುವ ತೊಂದರೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ.

ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂರುವವಳು. ಬಂದವರನ್ನು ಕೂರಿಸುವುದು, ಸರದಿ ಬಂದಾಗ ಕರೆಯುವುದು, ಒಳಗೆ ಹೋಗಲು ಹೆದರುವವರನ್ನು ಗದರಿಸುವುದು ನನ್ನ ಕೆಲಸ. ಜನರ ಬಗ್ಗೆ ನನಗೆ ದೊಡ್ಡ ಅಭಿಪ್ರಾಯವೇನೂ ಇಲ್ಲ. ಹುಳುಕು ಹಲ್ಲನ್ನು ಕೀಳಿಸಬೇಕೋ ಉಳಿಸಬೇಕೋ ಎಂದು ತಿಂಗಳುಗಟ್ಟಲೆ ಮೀನಮೇಷ ಎಣಿಸುವವರು, ಕೆನ್ನೆಗೆ ಕರವಸ್ತ್ರ ಒತ್ತಿಕೊಂಡೇ ಆ ಪೆಟ್ಟಿಗೆ ಕಂಪನಿಯ ಮುಂದಿನ ಹೆಜ್ಜೆಯನ್ನು ತೀರ್ಮಾನಿಸಿಬಿಡುತ್ತಿದ್ದರು. "ವರ್ಷದ ಕೊನೆಗೆ ಬಂದೇ ಬರುತ್ತೆ ನೋಡ್ತಿರಿ" ಎಂದು ಒಬ್ಬ. "ಅಷ್ಟು ಬೇಗ ಎಲ್ಲಿ? ಚಿಪ್ ಸಾಲಲ್ಲ" ಎಂದು ಇನ್ನೊಬ್ಬ. ಚಿಪ್ ಎಂದರೆ ಏನೆಂದು ಇಬ್ಬರಿಗೂ ಗೊತ್ತಿರಲಿಲ್ಲ, ಅದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಈ ಗಾಳಿಸುದ್ದಿಗೆಲ್ಲ ಗಾಳಿ ಹಾಕುತ್ತಿದ್ದವನು ಒಬ್ಬನೇ. ನಿಂತ ಕಾರಿನ ಡ್ರೈವರ್ ಸೀಟಿನಲ್ಲಿ ಕೂತು, ಬೆಲ್ಟ್ ಕೂಡ ಬಿಗಿದುಕೊಂಡು, ತನ್ನ ವಿಡಿಯೋ ತಾನೇ ತೆಗೆದು ಇಂಟರ್ನೆಟ್ಟಿಗೆ ಹಾಕುವವನು. ಮಾತು ಶುರುವಾದರೆ "ಖಚಿತ", ಮುಗಿದರೆ "ಖಚಿತ". ಹಾಗಾಗಿ ನಮ್ಮ ಮನೆಯಲ್ಲಿ ಅವನ ಹೆಸರೇ ಖಚಿತ. ಪೆಟ್ಟಿಗೆಯ ಹೊಸ ಅಪ್‌ಡೇಟಿನಲ್ಲಿ ಗೇಮ್ ಆಡುವ ಹಿಡಿಕೆಯ ಒಂದು ಪುಟ್ಟ ಚಿತ್ರ ಕಂಡಿತ್ತಂತೆ. ಅಷ್ಟಕ್ಕೇ ಅವನು ಗಂಟೆಗಟ್ಟಲೆ ಮಾತಾಡಿದ್ದ. ಅವನನ್ನು ನೋಡುವವರು ಲಕ್ಷಗಟ್ಟಲೆ. ನಮ್ಮ ಡಾಕ್ಟರೂ ಅವರಲ್ಲೊಬ್ಬರು.

ಇದೆಲ್ಲ ನನಗೇಕೆ ಬೇಕಿತ್ತು ಅಂದರೆ, ನನ್ನ ತಂಗಿಯ ಕಾರಣಕ್ಕೆ. ಅವಳು ಆಟ ಮಾಡುವವಳು. ನಾವಿಬ್ಬರೂ ಇರುವುದು ಎರಡನೇ ಮಹಡಿಯ ಒಂದು ಮನೆಯಲ್ಲಿ. ಊಟದ ಮೇಜಿನ ಮೇಲೆ ಅವಳ ಕಂಪ್ಯೂಟರು, ವೈರು, ಹರಿದ ಕಾಗದ. ಊಟ ಮಾತ್ರ ನಾವು ಸೋಫಾದ ಮೇಲೆ ತಟ್ಟೆ ಹಿಡಿದು ಮಾಡಬೇಕು. ಅವಳು ಹಿಂದೆ ಮಾಡಿದ ಲಿಫ್ಟ್ ಆಟವೊಂದು ಆ ಲೋಕದವರಲ್ಲಿ ಹೆಸರು ಮಾಡಿತ್ತು. ಒಂದು ಕಟ್ಟಡ, ಒಂದೇ ಲಿಫ್ಟು. ಜಗಳವಾಡಿಕೊಂಡವರು ಒಬ್ಬರಿಗೊಬ್ಬರು ಎದುರಾಗದ ಹಾಗೆ ಎಲ್ಲರನ್ನೂ ಅವರವರ ಮಹಡಿಗೆ ಮುಟ್ಟಿಸಬೇಕು. ಅದನ್ನು ನಾನು ಒಮ್ಮೆಯೂ ಆಡಿರಲಿಲ್ಲ. ಕೆಲಸವಿಲ್ಲದವರಿಗೆ ಕೆಲಸವಿಲ್ಲದವರು ಮಾಡಿಕೊಡುವ ವಸ್ತು ಎಂದು ಅವಳ ಮುಖಕ್ಕೇ ಹೇಳುತ್ತಿದ್ದೆ. ಅವಳೂ ನನ್ನ ಕೆಲಸವನ್ನು "ಬಾಯಿ ಕಾಯೋದು" ಎನ್ನುತ್ತಿದ್ದಳು.

ಒಂದು ದಿನ ಪೆಟ್ಟಿಗೆ ಕಂಪನಿಯಿಂದ ಅವಳಿಗೆ ಫೋನ್ ಬಂತು. ಮಾತಾಡಬೇಕು, ಬನ್ನಿ ಎಂದರಂತೆ.

"ಅಕ್ಕಾ, ನೀನೂ ಬಾ" ಎಂದಳು. "ಹೊಸಬರ ಮುಂದೆ ನನಗೆ ನಾಲಿಗೆ ಹೊರಳಲ್ಲ. ನಿನಗೆ ಅದೊಂದು ಬರುತ್ತೆ."

"ಯಾವುದೊಂದು?"

"ಜನರನ್ನ ಕಂಡರೆ ಹೆದರದೆ ಇರೋದು."

ರಜೆ ಹಾಕಿ ಹೋದೆ.

ಕಂಪನಿಯ ಕಟ್ಟಡವೆಲ್ಲ ಗಾಜು. ಬಾಗಿಲೂ ಗಾಜಿನದೇ, ಅದೂ ಗಿರಗಿರ ತಿರುಗುವಂಥದ್ದು; ಒಳಗೆ ಹೋದವರು ಒಂದು ಸುತ್ತು ಹೊಡೆದು ಮತ್ತೆ ಬೀದಿಗೇ ಬಂದುಬಿಡುವಂಥದ್ದು. ಮುಂಬಾಗಿಲ ಹುಡುಗಿ ನಮ್ಮ ಕೊರಳಿಗೆ ಗುರುತಿನ ಪಟ್ಟಿ ಹಾಕಿದಳು. ನನ್ನದು ಬೆಂಕಿಪೊಟ್ಟಣದಷ್ಟು. ತಂಗಿಯದು ಶಾಲೆಯ ಸ್ಲೇಟಿನಷ್ಟು, ಮೇಲೆ ದಪ್ಪಕ್ಷರದಲ್ಲಿ ಹೆಸರು, ಹೆಸರಿನ ಕೆಳಗೆ ಅವಳ ಲಿಫ್ಟ್ ಆಟದ ಚಿತ್ರ. ನಮ್ಮನ್ನು ಬೀದಿಯ ಕಡೆಯ ಗಾಜಿಗೆ ತಾಗಿಕೊಂಡಿದ್ದ ಎತ್ತರದ ಸ್ಟೂಲುಗಳ ಮೇಲೆ ಕೂರಿಸಿದರು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಹಿಂದೆ ಖಾಲಿ ಸೋಫಾಗಳಿದ್ದವು.

"ಅಲ್ಲಿ ಕೂರಬಹುದಾ?" ಎಂದು ಕೇಳಿದೆ.

"ಇಲ್ಲೇ ಕೂತಿರಿ ಮೇಡಂ, ಬೆಳಕು ಚೆನ್ನಾಗಿದೆ" ಎಂದಳು.

ಬೆಳಕು ಯಾರಿಗೆ ಬೇಕಿತ್ತು? ಆದರೆ ನಾನು ಅದನ್ನು ಅವರ ಶಿಷ್ಟಾಚಾರದ ಕೊರತೆ ಎಂದುಕೊಂಡು ಸುಮ್ಮನಾದೆ. ಕಾಲು ಜೋಮು ಹಿಡಿಯುವವರೆಗೆ ಕೂರಿಸಿ ಆಮೇಲೆ ಮೇಲಕ್ಕೆ ಕರೆದರು.

ಮೇಲೆ ಒಬ್ಬ ಉಪಾಧ್ಯಕ್ಷ. ಮಾತಿಗೊಮ್ಮೆ "ವಿಷನ್" ಎನ್ನುವವನು. ತಂಗಿ ವಾಪಸು ಬರುವಾಗ ಬಸ್ಸಿನಲ್ಲೇ ಅವನಿಗೆ ದೂರದೃಷ್ಟಿ ಎಂದು ಹೆಸರಿಟ್ಟಳು. ಮೇಜಿನಷ್ಟೇ ನುಣುಪಾದ ಮನುಷ್ಯ. ಪಕ್ಕದಲ್ಲಿ ಅವನ ಸಹಾಯಕಿ, ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದೊಂದೇ ಕಸುಬು. ಗೋಡೆಯ ಮೇಲೆ, ಸೋಫಾದ ಮೇಲೆ ಒತ್ತೊತ್ತಾಗಿ ಕೂತು ನಗುತ್ತಿರುವ ಒಂದು ಕುಟುಂಬದ ಚಿತ್ರ. ಅಷ್ಟು ಹಲ್ಲು ಒಟ್ಟಿಗೆ ಕಂಡದ್ದು ನಾನು ಕ್ಲಿನಿಕ್ಕಿನ ಪೋಸ್ಟರಿನಲ್ಲಿ ಮಾತ್ರ.

"ನಮ್ಮ ವಿಷನ್ ಏನಂದ್ರೆ," ಎಂದು ಅವನು ಶುರುಮಾಡಿದ, "ವೀಕ್ಷಕರು ಎದ್ದು ಹೋಗಬಾರದು. ಸಿನಿಮಾ ಮುಗೀತು, ಏನು ಮಾಡ್ತಾರೆ? ಎದ್ದು ಹೋಗ್ತಾರೆ. ಅಲ್ಲಿ ಒಂದು ಆಟ ಇದ್ದರೆ?"

"ನೀವು ಕೊನೇ ಸಲ ಯಾವ ಆಟ ಆಡಿದ್ರಿ ಸರ್?" ಎಂದು ತಂಗಿ ಕೇಳಿದಳು. ಅವಳು ಕುಹಕಕ್ಕೆ ಕೇಳಿದ್ದಲ್ಲ. ದರ್ಜಿ ಅಳತೆ ಕೇಳುವ ಹಾಗೆ ಕೇಳಿದ್ದು.

ದೂರದೃಷ್ಟಿ ಸ್ವಲ್ಪ ಹೊತ್ತು ಛಾವಣಿ ನೋಡಿದ. "ಮಗಳ ಜೊತೆ... ಅಂದ್ರೆ, ಅವಳು ಆಡ್ತಿದ್ದಳು. ನಾನು ಅದೇ ರೂಮಲ್ಲಿದ್ದೆ. ಫೋನಲ್ಲಿದ್ದೆ."

ಸಹಾಯಕಿ ಅದಕ್ಕೂ ತಲೆಯಾಡಿಸಿದಳು.

ಆಮೇಲೆ ತಂಗಿಗೆ ನಾಲಿಗೆ ಹೊರಳಿತು. ನನಗೇ ಆಶ್ಚರ್ಯ. ಪೆಟ್ಟಿಗೆಯ ರಿಮೋಟನ್ನು ಕೈಗೆತ್ತಿಕೊಂಡು ಹೇಳತೊಡಗಿದಳು. "ನೋಡಿ, ಇದರಲ್ಲಿ ನಾಲ್ಕು ಬಾಣ, ಒಂದು ಓಕೆ. ಒತ್ತಿದ್ದು ಪರದೆಗೆ ಮುಟ್ಟೋದು ಒಂದು ಚೂರು ತಡ. ಓಡೋ ಆಟ, ಗುಂಡು ಹಾರಿಸೋ ಆಟ ಇದರಲ್ಲಿ ನಡೆಯಲ್ಲ, ಮಾಡಿದರೆ ನಗೆಪಾಟಲಾಗುತ್ತೆ. ಆದರೆ ಮನೇಲಿ ರಿಮೋಟು ಒಂದೇ. ಅದಕ್ಕೆ ಎಲ್ಲರೂ ಕಿತ್ತಾಡ್ತಾರೆ. ಆ ಕಿತ್ತಾಟಾನೇ ಆಟ ಮಾಡಿದರೆ? ನಿಧಾನದ ಆಟ. ಒಬ್ಬರು ಒಂದು ನಡೆ ನಡೆಸಿ ರಿಮೋಟು ಪಕ್ಕದವರ ಕೈಗೆ ಕೊಡಬೇಕು. ಕೊಡದೆ ಆಟ ಮುಂದಕ್ಕೆ ಹೋಗಲ್ಲ."

"ಅದ್ಭುತ" ಎಂದ ದೂರದೃಷ್ಟಿ. ಅವನ ಕಣ್ಣು ಗಡಿಯಾರದ ಮೇಲಿತ್ತು. "ಒಂದೇ ಒಂದು ಮಾತು. ಯಾರೂ ಸೋಲಬಾರದು. ಸೋತವರು ಎದ್ದು ಹೋಗ್ತಾರೆ."

"ಸೋಲಿಲ್ಲದಿದ್ದರೆ ಅದು ಆಟ ಅಲ್ಲ ಸರ್."

"ಅದನ್ನ ಆಮೇಲೆ ನೋಡೋಣ."

ಬಸ್ಸಿನಲ್ಲಿ ತಂಗಿ ಅವನನ್ನು ಬಾಯಿಗೆ ಬಂದಂತೆ ಬಯ್ದಳು. ಬೆಪ್ಪ ಎಂದಳು, ಮಡ್ಡಿ ಎಂದಳು, ಹುಟ್ಟಿದಾಗಿನಿಂದ ಯಾವ ಮಗುವೂ ಅವನನ್ನು ಆಟಕ್ಕೆ ಸೇರಿಸಿಕೊಂಡಿರಲಿಕ್ಕಿಲ್ಲ ಎಂದಳು. ನಾನು ದನಿಗೂಡಿಸಿದೆ. ನಮ್ಮಿಬ್ಬರಿಗೂ ಚೆನ್ನಾಗಿ ಬರುವ ಕೆಲಸ ಅದು. ಆದರೆ ಬಯ್ಯುತ್ತಲೇ ಅವಳು ಟಿಕೆಟ್ಟಿನ ಹಿಂದೆ ಏನೋ ಗೀಚುತ್ತಿದ್ದಳು. ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಮೇಜಿಗೆ ಕೂತಳು.

ಅವಳು ಮಾಡಿದ್ದು ಮನೆ ಖಾಲಿ ಮಾಡುವ ಆಟ. ಪರದೆಯ ಮೇಲೆ ಹಿಂಬಾಗಿಲು ತೆರೆದ ಒಂದು ಲಾರಿ. ಬೀದಿಯ ಮೇಲೆ ಒಂದು ಸಂಸಾರದ ಸಾಮಾನೆಲ್ಲ ಹರಡಿದೆ: ಮಂಚ, ಬೀರು, ನಿಲುವುಗನ್ನಡಿ, ಹೊಲಿಗೆ ಯಂತ್ರ, ಗಾಜಿನ ಜಾಡಿಗಳು. ಒಬ್ಬೊಬ್ಬರು ಒಂದೊಂದು ಸಾಮಾನು ಲಾರಿಗೆ ಏರಿಸಬೇಕು. ಏರಿಸಿದ ಮೇಲೆ ರಿಮೋಟು ಪಕ್ಕದವರಿಗೆ. ಎಲ್ಲಾ ತುಂಬಿದ ಮೇಲೆ ಲಾರಿ ಹೊರಡುತ್ತದೆ. ತಿರುವಿನಲ್ಲಿ ವಾಲುತ್ತದೆ, ಉಬ್ಬಿನಲ್ಲಿ ಕುಪ್ಪಳಿಸುತ್ತದೆ. ಕೆಟ್ಟದಾಗಿ ಇಟ್ಟದ್ದು ಒಡೆಯುತ್ತದೆ. ಒಡೆದದ್ದು ಯಾರು ಇಟ್ಟದ್ದರಿಂದ ಎಂದು ಆಟ ಹೇಳುವುದಿಲ್ಲ. ಅದನ್ನು ಸೋಫಾದ ಮೇಲೆ ಕೂತವರೇ ಕಿತ್ತಾಡಿ ತೀರ್ಮಾನಿಸಬೇಕು.

ಅದನ್ನು ಆಡಿ ನೋಡಲು ಇದ್ದವಳು ನಾನೊಬ್ಬಳೇ. ಕ್ಲಿನಿಕ್ಕಿನಿಂದ ಬಂದ ಕೂಡಲೇ ರಿಮೋಟು ಕೈಗೆ ತುರುಕುತ್ತಿದ್ದಳು. ಮೊದಮೊದಲು ನಾನು ಮುಖ ಗಂಟಿಕ್ಕಿಕೊಂಡೇ ಆಡಿದೆ.

"ಕನ್ನಡೀನ ಯಾರಾದರೂ ಮಂಚದ ಮೇಲೆ ಮಲಗಿಸ್ತಾರೇನೇ?" ಎಂದು ಕೂಗುತ್ತಿದ್ದಳು.

"ನನ್ನ ಕನ್ನಡಿ, ನನ್ನಿಷ್ಟ."

"ನಿನ್ನ ಕನ್ನಡಿ ಅಲ್ಲ, ಅದು ಇಬ್ಬರದ್ದೂ. ಅದೇ ಆಟ!"

"ಹಾಗಾದರೆ ನೀನು ಯಾಕೆ ಜಾಡಿ ಎಲ್ಲಾ ನನ್ನ ಮೂಲೆಗೇ ತಂದು ಹೇರ್ತೀಯಾ? ಹುಟ್ಟಿದಾಗಿಂದ ಇದೇ ಬುದ್ಧಿ."

ಒಂದು ಸಂಜೆ ಒಲೆಯ ಮೇಲಿಟ್ಟದ್ದು ತಳ ಹತ್ತಿ ಮನೆಯೆಲ್ಲ ಹೊಗೆ. ಇಬ್ಬರೂ ಏಳಲಿಲ್ಲ, ಬೀರು ಇನ್ನೂ ಬೀದಿಯಲ್ಲೇ ಇತ್ತು. ಆಟ ಚೆನ್ನಾಗಿದೆ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. "ಪರವಾಗಿಲ್ಲ" ಎಂದೆ. ನನ್ನಿಂದ ಅಷ್ಟು ಬಂದದ್ದೇ ಹೆಚ್ಚು ಎಂದು ಅವಳಿಗೂ ಗೊತ್ತಿತ್ತು.

ಕಂಪನಿಯವರು ಮತ್ತೆ ಕರೆದರು, ಮತ್ತೂ ಕರೆದರು. ಪ್ರತಿ ಸಲವೂ ಅದೇ ಸ್ಲೇಟು, ಅದೇ ಸ್ಟೂಲು, ಅದೇ ಕಾಯುವಿಕೆ. ಮೇಲೆ ಹೋದರೆ ಅದೇ ವಿಷನ್. ಮಾಡಿದ ಮಟ್ಟಿಗೆ ಆಟವನ್ನು ತಂಗಿ ಕಳಿಸಿಕೊಟ್ಟಿದ್ದಳು. "ನಮ್ಮ ತಂಡ ನೋಡ್ತಿದೆ" ಎನ್ನುತ್ತಿದ್ದರು. ಆ ತಂಡದವರನ್ನು ಒಮ್ಮೆ ಭೇಟಿ ಮಾಡಿಸಿ ಎಂದರೆ, ಮುಂದಿನ ಸಲ. ಒಪ್ಪಂದ ಯಾವಾಗ ಎಂದರೆ, ಅದೂ ಮುಂದಿನ ಸಲ.

ಒಂದು ಬೆಳಿಗ್ಗೆ ಡಾಕ್ಟರು ಕೈಗವಸು ಅರ್ಧ ಹಾಕಿಕೊಂಡೇ ನನ್ನ ಮೇಜಿನ ಹತ್ತಿರ ಓಡಿಬಂದರು. ಫೋನು ಮುಂದೆ ಚಾಚಿದರು. "ಏನಮ್ಮಾ, ಇದು ನಿನ್ನ ತಂಗಿ ಅಲ್ವಾ? ಒಂದು ಮಾತೂ ಹೇಳಲಿಲ್ಲವಲ್ಲ!"

ಖಚಿತನ ವಿಡಿಯೋ. ಅದರ ನಡುವೆ ಒಂದು ಫೋಟೋ. ಗಾಜಿನಾಚೆ ಸ್ಟೂಲಿನ ಮೇಲೆ ನನ್ನ ತಂಗಿ, ಕೊರಳಲ್ಲಿ ಸ್ಲೇಟು, ಹೆಸರು, ಲಿಫ್ಟು ಎಲ್ಲಾ ಸ್ಪಷ್ಟ. ಪಕ್ಕದಲ್ಲಿ ಕಾಲು ತೂಗಾಡಿಸಿಕೊಂಡು ನಾನು. "ಲಿಫ್ಟ್ ಆಟದ ಸೃಷ್ಟಿಕರ್ತೆ ಪೆಟ್ಟಿಗೆ ಕಂಪನಿಯ ಒಳಗೆ! ಜೊತೆಗೆ ಅವರ ವಕೀಲೆ!" ಎಂದು ಖಚಿತ ಉಬ್ಬಿಹೋಗಿದ್ದ. "ಒಪ್ಪಂದ ಖಚಿತ!"

ಬೆಳಕು ಚೆನ್ನಾಗಿದೆ ಎಂದಿದ್ದಳು ಆ ಹುಡುಗಿ. ನನ್ನ ಮೈ ಉರಿದುಹೋಯಿತು. ನಾನು ಜನರನ್ನು ಕೂರಿಸುವ ಕೆಲಸದವಳು, ನನ್ನನ್ನೇ ಅಂಗಡಿಯ ಗೊಂಬೆಯ ಹಾಗೆ ಗಾಜಿನಲ್ಲಿ ಕೂರಿಸಿಬಿಟ್ಟಿದ್ದರು.

ಮುಂದಿನ ಸಲ ಕರೆದಾಗ ಸ್ಟೂಲಿಗೆ ಹೋಗದೆ ತಂಗಿಯ ಕೈಹಿಡಿದು ನೇರ ಮೇಲಕ್ಕೆ ನಡೆದೆ. ಮುಂಬಾಗಿಲ ಹುಡುಗಿ ಹಿಂದೆಯೇ ಓಡಿಬಂದಳು. ದೂರದೃಷ್ಟಿಯ ಮುಂದೆ ನಿಂತು ಕೇಳಿದೆ:

"ನಮ್ಮನ್ನ ಕರೆಸಿದ್ದು ಆಟ ಮಾಡಿಸೋಕಾ, ಫೋಟೋ ತೆಗೆಸೋಕಾ?"

ತಪ್ಪು ಸಿಕ್ಕಿಬಿದ್ದವನ ಮುಖ ಹೇಗಿರುತ್ತದೆ ಎಂದು ನೋಡಲು ಕಾದಿದ್ದೆ. ಅವನ ಮುಖದಲ್ಲಿ ಅಂಥದ್ದೇನೂ ಕಾಣಲಿಲ್ಲ. ಮೆಚ್ಚಿಕೊಂಡವನಂತೆ ನಕ್ಕ.

"ಕೂತ್ಕೊಳ್ಳಿ ಮೇಡಂ. ಬಿಚ್ಚಿ ಹೇಳ್ತೀನಿ. ಆಟ ಮಾಡೋದು ಕಷ್ಟದ ಕೆಲಸ. ಆಟ ಬರುತ್ತಂತೆ ಅನ್ನಿಸೋದು ಸುಲಭ. ಎರಡರಿಂದಲೂ ನಮಗೆ ಆಗೋ ಲಾಭ ಹೆಚ್ಚುಕಡಿಮೆ ಒಂದೇ. ಗೇಮ್ ಯಂತ್ರ ಮಾಡೋ ದೊಡ್ಡ ಕಂಪನಿಯವರು ಈಗ ನಮ್ಮ ಫೋನ್ ಎತ್ತುತ್ತಾರೆ. ಮೊದಲು ಎತ್ತುತ್ತಿರಲಿಲ್ಲ. ನಿಮಗೂ ಹೆಸರು ಬಂತಲ್ಲ, ಯಾರಿಗೆ ನಷ್ಟ ಹೇಳಿ?"

ತಂಗಿ ಮೆಲ್ಲಗೆ ಕೇಳಿದಳು: "ನಾನು ಕಳಿಸಿದ್ದನ್ನ ಯಾರಾದರೂ ತೆಗೆದು ನೋಡಿದ್ರಾ?"

"ತಂಡ..."

"ಯಾವ ತಂಡ ಸರ್?"

ಅವನು ಸಹಾಯಕಿಯ ಕಡೆ ನೋಡಿದ. ಅಲ್ಲಿಯವರೆಗೆ ಎಲ್ಲದಕ್ಕೂ ತಲೆಯಾಡಿಸಿದ ಆಕೆ ಈಗ ತಲೆ ತಗ್ಗಿಸಿ ಮೇಜಿನ ಅಂಚು ಸವರತೊಡಗಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ತಂಗಿ ಒಂದು ಬೈಗುಳವನ್ನೂ ಆಡಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು. ಅವಳ ಪಾಲಿನದನ್ನೂ ಸೇರಿಸಿ ನಾನೊಬ್ಬಳೇ ಬಯ್ದೆ, ಹಿಂದಿನ ಸೀಟಿನವರು ಇಳಿದುಹೋಗುವಷ್ಟು.

ಎರಡು ದಿನ ಮೇಜಿನ ಹತ್ತಿರವೂ ಸುಳಿಯದೆ ಇದ್ದವಳು ಆಮೇಲೆ ತಾನಾಗಿಯೇ ಖಚಿತನಿಗೆ ಫೋನ್ ಮಾಡಿದಳು. ಅವನು ನಮ್ಮ ಬೀದಿಗೇ ಕಾರು ತಂದ. ತಂಗಿ ಪಕ್ಕದ ಸೀಟಿನಲ್ಲಿ, ನಾನು ಹಿಂದೆ. ಕ್ಯಾಮೆರಾ ಎದುರು ಅವಳು ಮಗ್ಗಿ ಒಪ್ಪಿಸುವ ಹಾಗೆ ಹೇಳಿದಳು: "ಆಟ ಇಲ್ಲ. ಒಪ್ಪಂದ ಇಲ್ಲ. ಅಲ್ಲಿ ಆಟ ಮಾಡುವ ತಂಡವೇ ಇಲ್ಲ. ನನ್ನನ್ನ ಕರೆಸಿದ್ದು ನೀವು ಫೋಟೋ ಹಾಕಲಿ ಅಂತ. ನೀವು ಹಾಕಿದಿರಿ. ಅಷ್ಟೇ."

"ಅಂದರೆ, ಸದ್ಯಕ್ಕೆ ಏನೂ ಹೇಳೋ ಹಾಗಿಲ್ಲ ಅಂತೀರಿ" ಎಂದ ಖಚಿತ.

"ಎಲ್ಲಾ ಹೇಳಿಬಿಟ್ಟೆನಲ್ಲ."

"ಅರ್ಥ ಆಯಿತು, ಅರ್ಥ ಆಯಿತು" ಎಂದು ಅವನು ಕಣ್ಣು ಮಿಟುಕಿಸಿದ.

"ಕಿವಿ ನೆಟ್ಟಗಿದೆಯೇನಪ್ಪಾ ನಿನಗೆ?" ಎಂದು ನಾನು ಹಿಂದಿನಿಂದ ಕೇಳಿದೆ. ಅದನ್ನು ಅವನು ಕತ್ತರಿಸಿದ.

ಮರುದಿನ ವಿಡಿಯೋ ಬಂತು. ಹೆಸರು: "ನಿರಾಕರಿಸಿದರು! ಅಂದರೆ ಖಚಿತ!" ಒಪ್ಪಂದ ಇಲ್ಲದಿದ್ದರೆ ಇಷ್ಟು ಒತ್ತಿ ಇಲ್ಲ ಎನ್ನುತ್ತಾರೆಯೇ? ಗುಟ್ಟು ಕಾಯುವ ಷರತ್ತಿಗೆ ಸಹಿ ಹಾಕಿರಲೇಬೇಕು. ತಂಗಿ ನೀರು ಕುಡಿದ ಕಡೆ ವಿಡಿಯೋ ನಿಲ್ಲಿಸಿ, "ಗಂಟಲು ಒಣಗಿದೆ, ನೋಡಿ" ಎಂದು ತೋರಿಸಿದ್ದ. ಕ್ಲಿನಿಕ್ಕಿನಲ್ಲಿ ಜನ ನನ್ನನ್ನು ಕಂಡು ಹಲ್ಲು ಕಿರಿಯತೊಡಗಿದರು. "ಇಲ್ಲ ಅಂತ ಹೇಳ್ತಿದೀನಲ್ಲ!" ಎಂದು ನಾನು ಕೂಗಿದಷ್ಟೂ ಅವರಿಗೆ ನಂಬಿಕೆ ಬಲಿಯಿತು. ಡಾಕ್ಟರು ತುಟಿಯ ಮೇಲೆ ಬೆರಳಿಟ್ಟು, "ಬೇಡಮ್ಮಾ, ನಿನ್ನ ಕಷ್ಟ ನನಗೆ ಗೊತ್ತಾಗುತ್ತೆ" ಎಂದರು. ಆ ಮನುಷ್ಯನ ಕೈಯಲ್ಲಿ ಡ್ರಿಲ್ ಕೊಟ್ಟವರು ಯಾರು ಎಂದು ನನಗೆ ಮೊದಲ ಸಲ ಅನ್ನಿಸಿತು.

ಸುದ್ದಿ ಹೀಗೆ ಕೊಬ್ಬುತ್ತ ಹೋಗಿ ಕೊನೆಗೆ ಹೆತ್ತವರನ್ನೇ ಕಚ್ಚಿತು. ಪೆಟ್ಟಿಗೆ ಕಂಪನಿಯ ವಾರ್ಷಿಕ ಸಭೆ. ವೇದಿಕೆಯ ಮೇಲೆ ಅಧ್ಯಕ್ಷ. ಸಭೆಯಿಂದ ಯಾರೋ ಎದ್ದು ಆಟದ ಬಗ್ಗೆ ಕೇಳಿದರು. ಅಧ್ಯಕ್ಷನಿಗೆ ಕೆಳಗಿನವರು ಏನು ಹೇಳಿದ್ದರೋ ಏನೋ, ಚಪ್ಪಾಳೆಯ ಅಮಲಿನಲ್ಲಿ "ಈ ವರ್ಷವೇ!" ಎಂದುಬಿಟ್ಟ. ಮೂಲೆಯಲ್ಲಿ ನಿಂತಿದ್ದ ದೂರದೃಷ್ಟಿ ಚಪ್ಪಾಳೆ ತಟ್ಟುತ್ತಿದ್ದವನು ಹಾಗೇ ಕೈ ಜೋಡಿಸಿಕೊಂಡು ನಿಂತದ್ದು ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ. ನಾನು ಅದನ್ನು ಹಲವು ಸಲ ನೋಡಿ ಖುಷಿಪಟ್ಟಿದ್ದೇನೆ.

ಅದೇ ವಾರ ಅವನು ನಮ್ಮ ಮನೆಗೆ ಬಂದ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತ. ನಾನು ಒಂದು ಲೋಟ ನೀರು ಕೊಟ್ಟೆ, ಅದಕ್ಕಿಂತ ಹೆಚ್ಚಿಗೆ ಏನೂ ಕೊಡಲಿಲ್ಲ.

"ಆ ಆಟ ಇದೆಯಾ ಇನ್ನೂ?" ಎಂದು ಕೇಳಿದ.

ತಂಗಿ ಟಿವಿ ಹಾಕಿದಳು. ರಿಮೋಟನ್ನು ಅವನ ಕೈಗೆ ಕೊಟ್ಟು, ನನ್ನ ಕಡೆ ಕಣ್ಣು ತೋರಿಸಿದಳು. ಹಾಗೆ ನಾನು ಮತ್ತು ಆ ಮನುಷ್ಯ ಒಂದೇ ಸೋಫಾದ ಮೇಲೆ ಕೂತು ಒಂದು ಸಂಸಾರದ ಸಾಮಾನು ಲಾರಿಗೆ ಹೇರಿದೆವು. ಅವನು ಎಲ್ಲಕ್ಕಿಂತ ಮೊದಲು ನಿಲುವುಗನ್ನಡಿಯನ್ನೇ ಬಾಗಿಲ ಬಳಿ ನಿಲ್ಲಿಸಿದ. "ತೆಗೀರಿ ಅದನ್ನ" ಎಂದೆ. ತೆಗೆಯಲಿಲ್ಲ. ಮೊದಲ ತಿರುವಿನಲ್ಲೇ ಅದು ಬೀದಿಪಾಲಾಯಿತು. ಅವನು ಅಯ್ಯೋ ಎಂದ, ನಿಜವಾಗಿ ಎಂದ. ಎರಡನೇ ಸಲ ಆಡುವಾಗ ಕೋಟು ಬಿಚ್ಚಿಟ್ಟ. ಮೂರನೇ ಸಲ ರಿಮೋಟನ್ನು ನನಗೆ ಕೊಡಲು ಒಲ್ಲೆನೆಂದು ತೊಡೆಯ ಕೆಳಗೆ ಇಟ್ಟುಕೊಂಡ. ನಾನು ಕಿತ್ತುಕೊಂಡೆ. ಹೊಲಿಗೆ ಯಂತ್ರ ನುಚ್ಚುನೂರಾದದ್ದು ನನ್ನ ಜಾಡಿಗಳಿಂದಲೋ ಅವನ ಬೀರುವಿನಿಂದಲೋ ಎಂದು ಇಬ್ಬರೂ ದನಿಯೇರಿಸಿ ಜಗಳವಾಡಿದೆವು. ಆ ಹೊತ್ತಿನಲ್ಲಿ ಅವನು ಒಮ್ಮೆಯೂ ವಿಷನ್ ಎನ್ನಲಿಲ್ಲ.

ತಂಗಿ ಬಾಗಿಲಿಗೆ ಒರಗಿ ಅವನ ಮುಖವನ್ನೇ ನೋಡುತ್ತಿದ್ದಳು.

ಆಮೇಲೆ ಅವನು ಕೋಟು ಹಾಕಿಕೊಂಡ. ಕೋಟಿನೊಂದಿಗೆ ಆ ಮನುಷ್ಯನೂ ವಾಪಸು ಬಂದ. "ತಗೋತೀವಿ. ಎರಡೇ ಬದಲಾವಣೆ. ಏನೂ ಒಡೀಬಾರದು. ಮತ್ತೆ ಲಾರಿ ಮೇಲೆ ಜಾಹೀರಾತು ಬರಬೇಕು."

"ಈಗ ತಾನೇ ಒಡೆದದ್ದಕ್ಕೆ ನೀವು ಕೂಗಾಡಿದ್ರಲ್ಲ ಸರ್," ಎಂದಳು ತಂಗಿ, "ಆ ಕೂಗಾಟಾನೇ ಆಟ. ಅದನ್ನ ತೆಗೆದರೆ ಏನು ಉಳಿಯುತ್ತೆ?"

"ನನಗೆ ಅರ್ಥ ಆಗುತ್ತೆ. ಆದರೆ ಮೇಲಿನವರಿಗೆ..."

"ಕೊಡಲ್ಲ."

"ಯೋಚನೆ ಮಾಡಿ. ಬೇರೆಯವರು ಸಿಗ್ತಾರೆ ನಮಗೆ."

"ಸಿಗಲಿ. ಹಾಳಾಗಿ ಹೋಗಿ" ಎಂದೆ ನಾನು. ತಂಗಿ ಬಾಗಿಲು ತೆರೆದು ಹಿಡಿದಳು.

ಬೇರೆಯವರು ಸಿಕ್ಕಿದರು. ವರ್ಷ ಮುಗಿಯುವುದರೊಳಗೆ ಪೆಟ್ಟಿಗೆಯಲ್ಲಿ ಆಟ ಬಂತು. ಬಲೂನು ಮೇಲೇರುತ್ತದೆ, ಓಕೆ ಒತ್ತಿದರೆ ಒಡೆಯುತ್ತದೆ, ಒತ್ತದಿದ್ದರೂ ಕೊನೆಗೆ ತಾನೇ ಒಡೆಯುತ್ತದೆ. ಎರಡಕ್ಕೂ "ಭಲೇ!" ಎಂದು ಅಕ್ಷರ ಮೂಡುತ್ತದೆ. ಮೂರು ಬಲೂನಿಗೊಂದು ಟೂತ್‌ಪೇಸ್ಟಿನ ಜಾಹೀರಾತು. ಖಚಿತ ಇದನ್ನು ಹೊಸ ಯುಗ ಎಂದ. ತಿಂಗಳೊಪ್ಪತ್ತಿನಲ್ಲಿ, ಇದು ನೆಲಕಚ್ಚುತ್ತದೆ ಎಂದು ತಾನು ಮೊದಲೇ ಹೇಳಿದ್ದೆ ಎಂದ. ನೋಡುವವರು ಎರಡಕ್ಕೂ ಹೌದೆಂದರು. ನಮ್ಮ ಡಾಕ್ಟರು ಬಿಡುವಿದ್ದಾಗ ಬಲೂನು ಒಡೆಯುತ್ತ ಕೂರುತ್ತಿದ್ದರು.

ನಾನು ಗೆದ್ದವಳ ಹಾಗೆ ಓಡಾಡಿಕೊಂಡಿದ್ದೆ. ಮನೆಯಲ್ಲಿ ಮಾತ್ರ ತಂಗಿ ಗೋಡೆ ನೋಡುತ್ತ ಮಲಗಿರುತ್ತಿದ್ದಳು. ಮೇಜು ಖಾಲಿಯಾಗಿತ್ತು, ನಾವು ಕೊನೆಗೂ ಮೇಜಿನ ಮೇಲೆ ಊಟ ಮಾಡುತ್ತಿದ್ದೆವು, ಅದು ಎಷ್ಟು ಕೆಟ್ಟದಾಗಿತ್ತು ಎಂದರೆ ಹೇಳಲಾರೆ. ಒಂದು ದಿನ ತಡೆಯಲಾರದೆ ಕೇಳಿದೆ: "ಅಂಥಾ ಮಡ್ಡಿಗಳು ಒಪ್ಪಲಿಲ್ಲ ಅಂತ ಇಷ್ಟು ಕೊರಗೋದಾ?"

"ಒಪ್ಪಲಿಲ್ಲ ಅಂತ ಅಲ್ಲ ಕಣೇ ಅಕ್ಕಾ" ಎಂದಳು ಗೋಡೆಯ ಕಡೆಗೇ. "ಅವನು ಕೋಟು ಬಿಚ್ಚಿಟ್ಟು ಆಡ್ತಿದ್ದನಲ್ಲ, ಆಗ ನನಗೆ ಎಷ್ಟು ಖುಷಿ ಆಯ್ತು ಗೊತ್ತಾ? ಅಂಥವನಿಂದ ಖುಷಿ ಆಯ್ತಲ್ಲ ಅಂತ ನಾಚಿಕೆ. ಅವನನ್ನ ಮೆಟ್ಟಿಲಿಂದ ಇಳಿಸಿದ್ದಕ್ಕೆ ನೀನು ಕುಣೀತಿದೀಯಾ. ನಿನಗೆ ನನ್ನ ಆಟಕ್ಕಿಂತ ಅವರನ್ನ ಬಯ್ಯೋದೇ ರುಚಿ."

ನನಗೆ ಚುರುಕ್ಕೆಂದಿತು. ಸುಳ್ಳು ಎನ್ನಲು ಬಾಯಿ ತೆರೆದೆ. ಬಾಯಿ ಮುಚ್ಚಿಕೊಂಡು ಹೋಗಿ ಪಾತ್ರೆ ತೊಳೆದೆ.

ಮರುದಿನ ರಜೆ. ನಾನು ಸೋಫಾದ ಮೇಲೆ ಕೂತು, ಅವಳ ಲಿಫ್ಟ್ ಆಟವನ್ನು ನನ್ನ ಫೋನಿಗೆ ಹಾಕಿಕೊಂಡು ಮೊದಲ ಸಲ ಆಡಿದೆ. ಮಧ್ಯಾಹ್ನದವರೆಗೂ ಆಡಿದೆ. ಐದನೇ ಮಹಡಿಯ ಗಂಡಹೆಂಡಿರನ್ನು ಎಷ್ಟು ಸಲ ಪ್ರಯತ್ನಪಟ್ಟರೂ ಬೇರೆಬೇರೆಯಾಗಿ ಇಳಿಸಲು ಆಗಲಿಲ್ಲ. "ಇವರಿಬ್ಬರೂ ಸಾಯಲಿ" ಎಂದು ಕಿರುಚಿದೆ. ಒಳಗಿನಿಂದ ಎದ್ದುಬಂದ ತಂಗಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಮೊದಲು ಅಜ್ಜೀನ ಇಳಿಸು, ಪೆದ್ದಿ" ಎಂದಳು.

ಅದಾದ ಮೇಲೆ ನಾನೇ ಕೇಳಿದೆ, ಆ ಲಾರಿ ಆಟವನ್ನು ಪೆಟ್ಟಿಗೆಗೆ ಹಾಕಲು ಆ ಕೋಟಿನವರ ಅಪ್ಪಣೆ ಬೇಕೇಬೇಕಾ ಎಂದು. ಅವಳು ಹುಬ್ಬು ಗಂಟಿಕ್ಕಿದಳು. ಬೇಕಿಲ್ಲವಂತೆ. ಪೆಟ್ಟಿಗೆಯೊಳಗೆ ಒಂದು ಅಂಗಡಿ ಇದೆ. ಯಾರು ಬೇಕಾದರೂ ಅರ್ಜಿ ಹಾಕಿ ಏನು ಬೇಕಾದರೂ ಇಡಬಹುದು. ಅದರ ತೀರಾ ತಳದಲ್ಲಿ, ಗಡಿಯಾರ, ಮೀನಿನ ತೊಟ್ಟಿ, ಉರಿಯುವ ಸೌದೆಯ ಚಿತ್ರ ಇವುಗಳ ನಡುವೆ, ಯಾರ್‍ಯಾರೋ ಮಾಡಿದ ಹತ್ತಾರು ಆಟಗಳು ಪೆಟ್ಟಿಗೆ ಹುಟ್ಟಿದಾಗಿನಿಂದಲೇ ಬಿದ್ದಿವೆಯಂತೆ. ಬರುತ್ತಂತೆ ಬರುತ್ತಂತೆ ಎಂದು ಊರೆಲ್ಲ ಬೊಬ್ಬೆ ಹೊಡೆಯುತ್ತಿದ್ದಾಗ ಒಬ್ಬನೂ ಬಾಣದ ಗುಂಡಿ ಒತ್ತಿ ಅಷ್ಟು ಕೆಳಗೆ ಇಳಿದು ನೋಡಿರಲಿಲ್ಲ, ಖಚಿತನೂ ಸೇರಿದಂತೆ.

"ಅಲ್ಲಿ ಇಟ್ಟರೆ ಯಾರಿಗೂ ಕಾಣಲ್ಲ" ಎಂದಳು.

"ಕಾಣದಿದ್ದರೆ ಬಿಡಲಿ. ದಡ್ಡರಿಗೆ ಕಾಣಬೇಕು ಅಂತ ಯಾಕೆ ಆಸೆ ನಿನಗೆ?"

"ಶುರುಮಾಡಿದೆಯಾ?"

"ಸರಿ, ದಡ್ಡರಲ್ಲ. ಸೋಮಾರಿಗಳು."

ಇಟ್ಟಳು. ಅದು ಊರನ್ನೇನೂ ಗೆಲ್ಲಲಿಲ್ಲ. ಅಲ್ಲೊಂದು ಇಲ್ಲೊಂದು ಮನೆಯವರು ಇಳಿದು ಹುಡುಕಿ ಆಡಿದರು. ಕನ್ನಡಿ ಒಡೆದದ್ದಕ್ಕೆ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ ಎಂದು ಒಬ್ಬರು ದೂರು ಬರೆದಿದ್ದರು. ಅದನ್ನು ಓದಿ ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ದೂರದೃಷ್ಟಿಗೆ ಬಡ್ತಿ ಸಿಕ್ಕಿತು. ಪೆಟ್ಟಿಗೆಗೆ ಕ್ಯಾಮೆರಾ ಬರುತ್ತಂತೆ ಎಂದು ಖಚಿತ ಕಾರಿನಲ್ಲಿ ಕೂತು ಈಗ ಹೊಸ ಪಾಠ ಶುರುಮಾಡಿದ್ದಾನೆ.

ಮೊನ್ನೆ ಕಂಪನಿಯವರು ಇನ್ನೊಂದು ಅಪ್‌ಡೇಟ್ ಬಿಟ್ಟರು. ಎಡಬಾಣ ಒತ್ತಿದರೆ ಬಲೂನಿನ ಜಾಹೀರಾತು ತೆರೆದುಕೊಳ್ಳುವ ಹಾಗೆ ಏನೋ ಮಾಡಿದ್ದರಿಂದ ತಂಗಿಯ ಆಟದಲ್ಲಿ ಬೀರು ಎಡಕ್ಕೆ ಸರಿಯುವುದೇ ನಿಂತುಹೋಯಿತು. ನಾನು ಕ್ಲಿನಿಕ್ಕಿನಿಂದ ಬಂದಾಗ ಮೇಜಿನ ತುಂಬ ಮತ್ತೆ ವೈರು, ಕಾಗದ. ಅವಳು ಪರದೆಗೆ ಮೂಗು ತಾಗಿಸಿಕೊಂಡು, ಕಂಪನಿಯ ಅಧ್ಯಕ್ಷನಿಂದ ಹಿಡಿದು ಮುಂಬಾಗಿಲ ಹುಡುಗಿಯವರೆಗೆ ಒಬ್ಬೊಬ್ಬರನ್ನಾಗಿ ಬಯ್ಯುತ್ತ ಕೀಲಿಗಳನ್ನು ಕುಟ್ಟುತ್ತಿದ್ದಳು. ಕೆಲವು ಬೈಗುಳ ನನಗೂ ಹೊಸವು. ನಾನು ಎರಡು ತಟ್ಟೆ ತೆಗೆದುಕೊಂಡು ಸೋಫಾಕ್ಕೆ ಹೋದೆ.